ಎರವಿನ ಕೊಡಲಿ

(ಓದು ಮುಗಿಸಿ ಸಾಲವನ್ನು ತೀರಿಸಬೇಕಾದ ಯೌವನಸ್ಥರಿಗೂ, ಅವರ ತಂದೆತಾಯಿಗಳಿಗೂ, ಸಭೆಯವರೆಲ್ಲರಿಗೂ ಒಂದು ಪ್ರಸಂಗ)

ಆಧಾರವಾದ ವೇದಭಾಗ: ಅರಸುಗಳ ಎರಡನೆಯ ಗ್ರಂಥ, 6ನೆಯ ಅಧ್ಯಾಯ, 1ರಿಂದ 7ನೆಯ ವಚನಗಳು



ಪ್ರವಾದಿಯಾದ ಎಲೀಷನ ಬಳಿಯಲ್ಲಿ ದೇವರ ಮಾರ್ಗವನ್ನು ಕಲಿಯುವದಕ್ಕೆ ಬಂದ ಶಿಷ್ಯರ ಒಂದು ಮಂಡಲಿಯಿತ್ತು. ಅವರು ವಾಸವಾಗಿದ್ದ ಸ್ಥಳವು ಇಕ್ಕಟ್ಟಾದದರಿಂದ, ಯೊರ್ದನ್ ಹೊಳೆಯ ದಡಕ್ಕೆ ಹೋಗಿ ಒಬ್ಬೊಬ್ಬನು ಒಂದೊಂದು ತೊಲೆಯನ್ನು ಕಡಿದು ತಂದು ಹೊಸ ನಿವಾಸವನ್ನು ಕಟ್ಟಬೇಕೆಂದು ನಿಶ್ಚಯಿಸಿ, ಗುರುವಿನ ಅಪ್ಪಣೆಯನ್ನು ಪಡೆದು, ಆತನನ್ನೂ ಸಂಗಡ ಕರೆದುಕೊಂಡು ಹೋದರು. ಅಲ್ಲಿ ಒಬ್ಬನು ಮರವನ್ನು ಕಡಿಯುತ್ತಿರುವಾಗ ಕೊಡಲಿಯು ಕಾವಿನಿಂದ ಕಳಚಿ ಹೊಳೆಯಲ್ಲಿ ಬಿದ್ದು ಮುಳುಗಿಹೋಯಿತು. ಆಗ ಅವನು ಗೋಳಿಟ್ಟನು. ತನ್ನ ಕೆಲಸವು ನಿಂತುಹೋಯಿತೆಂದು ಅವನು ಗೋಳಿಡಲಿಲ್ಲ. ಆ ಕೊಡಲಿಯು ಬೇರೊಬ್ಬನಿಂದ ಎರವಾಗಿ ತಂದದ್ದೆಂಬದೇ ಅವನ ಗೋಳು.

ಈ ಕಥೆಯನ್ನು ಭಾನುವಾರದ ಶಾಲೆಯಲ್ಲಿ ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಕಬ್ಬಿಣವು ನೀರಿನ ಮೇಲೆ ತೇಲಿಬಂದ ಆಶ್ಚರ್ಯವನ್ನು ಮರೆಯದೆ ಇಟ್ಟುಕೊಂಡಿದ್ದೇವೆ. ಆದರೆ ಕೊಡಲಿಯನ್ನು ಕಳಕೊಂಡವನು ಯಾರು? ಅವನೊಬ್ಬ ವಿದ್ಯಾರ್ಥಿ. ಅವನ ಕೈಯಲ್ಲಿದ್ದದ್ದೇನು? ವಿದ್ಯೆಯ ಮನೆಯನ್ನು ಕಟ್ಟುವ ಸಲಕರಣೆ. ಅದು ಯಾರದು? ಎರವಿನದು. ಹೀಗಿರಲಾಗಿ, ಈ ಏಳು ವಚನಗಳು ನಮ್ಮ ಗ್ರಾಮಸಭೆಗಳಲ್ಲಿ ಇಂದು ಎಷ್ಟೋ ಮನೆಗಳ ಸಂಗತಿಯಾಗಿವೆಯಲ್ಲವೋ? ದಾದಿಯ ಕೆಲಸವನ್ನು ಕಲಿತ ಮಗಳು, ಯಂತ್ರವಿದ್ಯೆಯನ್ನು ಓದಿದ ಮಗನು, ಉಪಾಧ್ಯಾಯರ ಪದವಿಯನ್ನು ಪಡೆದ ಸೊಸೆ, ಇವರಲ್ಲಿ ಅನೇಕರು ಓದಿದ್ದು ಸಾಲದ ಹಣದಿಂದ. ಪದವಿಯ ಪತ್ರವು ಕೈಗೆ ಬಂದ ಸಂತೋಷವು ಮುಗಿಯುವದಕ್ಕೆ ಮುಂಚೆಯೇ ಬ್ಯಾಂಕಿನ ಪತ್ರವು ಬರುತ್ತದೆ. ಆಗ ಏನು ಮಾಡಬೇಕು? ಈ ವೇದಭಾಗವು ಮೂರು ಪಾಠಗಳನ್ನು ಕಲಿಸುತ್ತದೆ. ಮೊದಲನೆಯದು, ಎರವಿನದನ್ನು ಎರವಿನದೆಂದು ಒಪ್ಪಿಕೊಳ್ಳುವದು. ಎರಡನೆಯದು, ಬಿದ್ದ ಸ್ಥಳವನ್ನು ತೋರಿಸುವದು. ಮೂರನೆಯದು, ಕೈ ಚಾಚಿ ತೆಗೆದುಕೊಳ್ಳುವದು.

1. ಎರವಿನದನ್ನು ಎರವಿನದೆಂದು ಒಪ್ಪಿಕೊಳ್ಳುವದು

ಆ ಶಿಷ್ಯನು ಸುಮ್ಮನಿರಬಹುದಾಗಿತ್ತು. ಕಾಡಿನಲ್ಲಿ ಜನರು ಬಹಳ, ಹೊಳೆಯು ಆಳ, ನೋಡಿದವರು ಕೆಲವರೇ. ಕೊಡಲಿಯ ಯಜಮಾನನು ಕೇಳಿದಾಗ ನೋಡಿಕೊಳ್ಳೋಣವೆಂದು ಅವನು ಅಂದುಕೊಳ್ಳಬಹುದಾಗಿತ್ತು. ತಾನು ದೇವರ ಕೆಲಸಕ್ಕೋಸ್ಕರ ಮರ ಕಡಿಯುತ್ತಿದ್ದೆನಾದದರಿಂದ ಯಜಮಾನನು ಕೊಡಲಿಯ ಆಶೆಯನ್ನು ಬಿಡಬೇಕೆಂದು ವಾದಿಸಲೂ ಬಹುದಾಗಿತ್ತು. ಆದರೆ ಅವನು ಹಾಗೆ ಮಾಡಲಿಲ್ಲ. ಪರರ ವಸ್ತುವು ಪರರದೇ ಎಂಬದು ಅವನ ಮನಸ್ಸಾಕ್ಷಿಯಲ್ಲಿ ಜೀವವಾಗಿತ್ತು.

ಪ್ರಿಯರೇ, ಸಾಲ ತೆಗೆದುಕೊಳ್ಳುವದೇ ಪಾಪವೆಂದು ವೇದವು ಹೇಳುವದಿಲ್ಲ. ಬಡವನಿಗೆ ಸಾಲ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ಅಪ್ಪಣೆಕೊಡುತ್ತದಷ್ಟೆ. ಕೊಡುವದು ಪುಣ್ಯವಾದರೆ ತೆಗೆದುಕೊಳ್ಳುವದು ಹೇಗೆ ಪಾಪವಾದೀತು? ಆದರೆ 37ನೆಯ ಕೀರ್ತನೆಯಲ್ಲಿ ದಾವೀದನು ದುಷ್ಟನ ಒಂದು ಗುರುತನ್ನು ಹೇಳಿದ್ದಾನೆ. ಅದೇನೆಂದರೆ, ತೆಗೆದುಕೊಂಡು ಹಿಂದಕ್ಕೆ ಕೊಡದಿರುವದು. ರೋಮಾಪುರದ ಸಭೆಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಅಪೊಸ್ತಲನು, ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಋಣವೊಂದನ್ನು ಬಿಟ್ಟು ಬೇರೆ ಯಾವ ಋಣವನ್ನೂ ಉಳಿಸಿಕೊಳ್ಳಬಾರದೆಂದು ಬೋಧಿಸುತ್ತಾನೆ. ಆದಕಾರಣ ಓದಿಗೋಸ್ಕರ ಸಾಲ ಮಾಡಿದವನಿಗೆ ನಾಚಿಕೆಗೆ ಕಾರಣವಿಲ್ಲ. ತೀರಿಸುವ ಶಕ್ತಿಯಿದ್ದೂ ತೀರಿಸದವನಿಗೆ ಉಂಟು.

ಇಲ್ಲಿ ಒಂದು ಮೋಸವಾದ ಮಾತಿಗೆ ಉತ್ತರ ಹೇಳಬೇಕಾಗಿದೆ. ಇದು ಬ್ಯಾಂಕಿನ ಹಣ, ಸರಕಾರದ ಹಣ, ಇಂದಲ್ಲ ನಾಳೆ ಮನ್ನಾ ಆಗುವದು ಎಂದು ಕೆಲವರು ಯೌವನಸ್ಥರ ಕಿವಿಯಲ್ಲಿ ಊದುತ್ತಾರೆ. ಬ್ಯಾಂಕಿನಲ್ಲಿರುವ ಹಣವು ಯಾರದು? ಮುದುಕಿಯ ಪಿಂಚಣಿಯ ಉಳಿತಾಯ, ಕೂಲಿಯವನು ಮಗಳ ಮದುವೆಗೆಂದು ಕೂಡಿಟ್ಟದ್ದು, ಸಭೆಯ ಕಾಣಿಕೆಯ ಹಣ, ಇವೆಲ್ಲ ಅಲ್ಲಿಯೇ ಇವೆ. ಒಬ್ಬನು ತೀರಿಸದೆ ಹೋದರೆ ಮುಂದಿನ ವರ್ಷ ಅದೇ ಊರಿನಿಂದ ಅರ್ಜಿ ಹಿಡಿದು ಹೋಗುವ ಇನ್ನೊಬ್ಬ ಬಡವನ ಮಗನನ್ನು ಬ್ಯಾಂಕಿನವರು ಸಂಶಯದಿಂದ ನೋಡುತ್ತಾರೆ. ಹಾಗಾದರೆ ಕಳೆದುಹೋದ ಕೊಡಲಿಯಿಂದ ನಷ್ಟವಾಗುವದು ಅದರ ಯಜಮಾನನಿಗೆ ಮಾತ್ರವೋ? ನಾಳೆ ಎರವಾಗಿ ಕೇಳಬೇಕಾಗಿರುವ ಎಲ್ಲರಿಗೂ ನಷ್ಟವು.

ಇನ್ನೊಂದು ಸಂಗತಿ ಉಂಟು. ವಿದ್ಯಾಸಾಲಕ್ಕೆ ತಂದೆಯೋ ತಾಯಿಯೋ ಜೊತೆಸಾಲಗಾರರಾಗಿ ರುಜು ಹಾಕುವದು ವಾಡಿಕೆಯಾಗಿದೆ. 4 ಲಕ್ಷ ರೂಪಾಯಿಯ ವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕಿನವರು ಆಸ್ತಿಯನ್ನು ಅಡವು ಕೇಳುವದಿಲ್ಲ. ಆದರೆ ತಂದೆಯ ಹೆಸರು ಆ ಕಾಗದದ ಮೇಲೆ ಇದ್ದೇ ಇರುತ್ತದೆ. ಮಗನು ಕಂತು ಕಟ್ಟದೆ ಇದ್ದರೆ ಸಾಲದ ದಾಖಲೆಯಲ್ಲಿ ಮಗನ ಹೆಸರಿನ ಸಂಗಡ ತಂದೆಯ ಹೆಸರೂ ಕೆಡುತ್ತದೆ. ಪಟ್ಟಣದಲ್ಲಿರುವ ಮಗನಿಗೆ ಇದು ತಿಳಿಯದು. ಬೆಳೆಸಾಲಕ್ಕೆ ಹೋದ ತಂದೆಯು ಮೇಜಿನ ಮುಂದೆ ತಲೆ ತಗ್ಗಿಸಿ ನಿಂತಾಗ ತಿಳಿಯುತ್ತದೆ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಐದನೆಯ ಆಜ್ಞೆಯು ಸಾಲದ ಕಂತಿನಲ್ಲಿಯೂ ಸೇರಿದೆ ಎಂದು ತಿಳಿಯಿರಿ.

2. ಬಿದ್ದ ಸ್ಥಳವನ್ನು ತೋರಿಸುವದು

ಶಿಷ್ಯನು ಗೋಳಿಟ್ಟಾಗ ದೇವರ ಮನುಷ್ಯನು ಅವನನ್ನು ಗದರಿಸಲಿಲ್ಲ. ಅಜಾಗರೂಕತೆಯ ವಿಷಯದಲ್ಲಿ ಉಪದೇಶಮಾಡಲೂ ಇಲ್ಲ. ಅದು ಎಲ್ಲಿ ಬಿತ್ತೆಂದು ಕೇಳಿದನು. ಅವನು ಆ ಸ್ಥಳವನ್ನು ತೋರಿಸಿದನು. ಸ್ಥಳವನ್ನು ತೋರಿಸಿದ ಮೇಲೆಯೇ ಅದ್ಭುತವು ನಡೆಯಿತು. ಎಲೀಷನಿಗೆ ದೇವರ ಆತ್ಮವಿತ್ತು, ಕೇಳದೆಯೇ ತಿಳಿಯಬಹುದಾಗಿತ್ತು. ಆದಾಗ್ಯೂ ಕಳಕೊಂಡವನೇ ಬೆರಳು ಮಾಡಿ ತೋರಿಸಬೇಕೆಂಬದು ದೇವರ ಚಿತ್ತವಾಗಿತ್ತು.

ಸಾಲದ ಕೆಳಗಿರುವ ಯೌವನಸ್ಥನಿಗೆ ಇದೇ ಬಹು ಕಷ್ಟವಾದ ಹೆಜ್ಜೆ. ಅವನು ಬ್ಯಾಂಕಿನ ಪತ್ರವನ್ನು ಒಡೆಯದೆ ಪೆಟ್ಟಿಗೆಯಲ್ಲಿ ಇಡುತ್ತಾನೆ, ಗುರುತಿಲ್ಲದ ಸಂಖ್ಯೆಯಿಂದ ಕರೆ ಬಂದರೆ ಮೊಬೈಲನ್ನು ಮುಚ್ಚುತ್ತಾನೆ, ಮನೆಗೆ ಬಂದರೆ ತಂದೆಯ ಕಣ್ಣನ್ನು ತಪ್ಪಿಸುತ್ತಾನೆ, ಆಮೇಲೆ ಆಲಯಕ್ಕೆ ಬರುವದನ್ನೂ ಬಿಡುತ್ತಾನೆ. ನೀರಿನಲ್ಲಿ ಬಿದ್ದ ಕಬ್ಬಿಣಕ್ಕೆ ದಿನದಿನಕ್ಕೆ ತುಕ್ಕು ಹಿಡಿಯುವಂತೆ, ಮರೆಮಾಡಿದ ಸಾಲಕ್ಕೆ ದಿನದಿನಕ್ಕೆ ಬಡ್ಡಿಯು ಹತ್ತುತ್ತದೆ.

ಆದಕಾರಣ ಲೆಕ್ಕವನ್ನು ಮಾಡಿರಿ. ಗೋಪುರವನ್ನು ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸುವದಿಲ್ಲವೋ ಎಂದು ನಮ್ಮ ಕರ್ತನು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಕೇಳಿದ್ದಾನೆ. ನಾವೂ ಕೂತು ಎಣಿಸೋಣ. ಒಬ್ಬನು ನಾಲ್ಕು ವರ್ಷದ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷ ರೂಪಾಯಿಯಂತೆ, ನೂರಕ್ಕೆ ವರ್ಷಕ್ಕೆ 10 ರೂಪಾಯಿ ಸರಳಬಡ್ಡಿಯಿಂದ ಸಾಲ ತೆಗೆದನೆಂದು ಇಟ್ಟುಕೊಳ್ಳಿರಿ. ಮೊದಲನೆಯ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 40,000; ಎರಡನೆಯದಕ್ಕೆ 30,000; ಮೂರನೆಯದಕ್ಕೆ 20,000; ನಾಲ್ಕನೆಯದಕ್ಕೆ 10,000. ಓದು ಮುಗಿಯುವ ದಿವಸವೇ ಬಡ್ಡಿಯು 1 ಲಕ್ಷವಾಗಿರುತ್ತದೆ. ಓದು ಮುಗಿದ ಮೇಲೆ ಒಂದು ವರ್ಷದ ವರೆಗೆ ಕಂತು ಕೇಳದೆ ಅವಕಾಶ ಕೊಡುವದು ಬ್ಯಾಂಕುಗಳ ಸಾಮಾನ್ಯ ಪದ್ಧತಿ. ಕಂತು ಕೇಳುವದಿಲ್ಲವೇ ಹೊರತು ಬಡ್ಡಿಯು ನಿಲ್ಲುವದಿಲ್ಲ; ಆ ವರ್ಷಕ್ಕೆ ಇನ್ನೂ 40,000 ಸೇರುತ್ತದೆ. ಹೀಗೆ 4 ಲಕ್ಷ ತೆಗೆದವನು ಮೊದಲನೆಯ ಕಂತನ್ನು ಕಟ್ಟುವ ಹೊತ್ತಿಗೆ 5,40,000 ರೂಪಾಯಿಯ ಸಾಲಗಾರನು. ಇದನ್ನು ಮೊದಲೇ ತಿಳಿದವನು ಬೆದರುವದಿಲ್ಲ. ತಿಳಿಯದೆ ಇದ್ದವನು ತನಗೆ ಮೋಸವಾಯಿತೆಂದು ಕೂಗಾಡುತ್ತಾನೆ.

ಆ 5,40,000 ರೂಪಾಯಿಯನ್ನು ಅದೇ ಬಡ್ಡಿಯ ಮೇಲೆ ತಿಂಗಳ ಕಂತುಗಳಿಂದ ಹತ್ತು ವರ್ಷಗಳಲ್ಲಿ ತೀರಿಸಿದರೆ ಕಂತು ಸುಮಾರು 7,136 ರೂಪಾಯಿ. ಒಟ್ಟು ಕೊಡುವದು ಸುಮಾರು 8,56,000. ಐದೇ ವರ್ಷಗಳಲ್ಲಿ ತೀರಿಸಿದರೆ ಕಂತು ಸುಮಾರು 11,473. ಒಟ್ಟು ಸುಮಾರು 6,88,000. ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಐದು ವರ್ಷದ ಕಂತು ಭಾರವಾದೀತು. ಹಾಗಾದರೆ ಹತ್ತು ವರ್ಷದ ಕಂತನ್ನೇ ಹಿಡಿದು, ಅದರ ಸಂಗಡ ತಿಂಗಳಿಗೆ 1,000 ರೂಪಾಯಿಯನ್ನು ಹೆಚ್ಚಾಗಿ ಕಟ್ಟಲಿ. ಆಗ 120 ತಿಂಗಳ ಸಾಲವು ಸುಮಾರು 97 ತಿಂಗಳಲ್ಲಿ ತೀರುತ್ತದೆ. 66,000 ರೂಪಾಯಿಗಿಂತ ಹೆಚ್ಚು ಬಡ್ಡಿಯು ಉಳಿಯುತ್ತದೆ. ಹನಿ ಹನಿ ಕೂಡಿ ಹಳ್ಳವಾಗುವದೆಂಬ ಗಾದೆಯು ಕೂಡುವದಕ್ಕೆ ಮಾತ್ರವಲ್ಲ, ತೀರಿಸುವದಕ್ಕೂ ಸತ್ಯವಾದದ್ದು. ಬದಲಾಗುವ ಬಡ್ಡಿಯ ಮೇಲೆ ಸ್ವಂತ ಅಗತ್ಯಕ್ಕೆಂದು ತೆಗೆದ ಬ್ಯಾಂಕಿನ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವನ್ನು ಹಾಕಬಾರದೆಂದು ರಿಜರ್ವ್ ಬ್ಯಾಂಕಿನ ನಿಯಮವೂ ಉಂಟು.

ಇನ್ನು ಸಾಲವು ಒಂದೇ ಕಡೆಯಲ್ಲಿದ್ದರೆ ಸ್ಥಳವನ್ನು ತೋರಿಸುವದು ಸುಲಭ. ಆದರೆ ಅನೇಕರ ಸಾಲವು ನಾಲ್ಕೈದು ಕಡೆ ಬಿದ್ದಿರುತ್ತದೆ: ಬ್ಯಾಂಕಿನದು ಒಂದು, ತಾಯಿಯ ಬಳೆಗಳ ಗಿರವಿಯದು ಒಂದು, ಸ್ತ್ರೀಯರ ಸಂಘದ್ದು ಒಂದು, ಚಿಕ್ಕಮ್ಮನ ಕೈಸಾಲ ಒಂದು, ಪಟ್ಟಣಕ್ಕೆ ಹೋದ ಮೇಲೆ ಕ್ರೆಡಿಟ್ ಕಾರ್ಡಿನದು ಒಂದು. ಒಂದು ಹಾಳೆಯ ಮೇಲೆ ಯಾರಿಗೆ, ಎಷ್ಟು, ಯಾವ ಬಡ್ಡಿ, ಯಾವ ದಿನ ಎಂದು ಬರೆದಿಡಿರಿ. ಎಲ್ಲರಿಗೂ ಆಯಾ ತಿಂಗಳ ಕಂತನ್ನು ತಪ್ಪದೆ ಕೊಟ್ಟು, ಮಿಕ್ಕದ್ದನ್ನು ಹೆಚ್ಚು ಬಡ್ಡಿಯ ಸಾಲಕ್ಕೆ ಮೊದಲು ಕಟ್ಟಿರಿ. ಕಾರ್ಡಿನ ಸಾಲವು ಹೊತ್ತಿಗೆ ತೀರದಿದ್ದರೆ ಅನೇಕ ವೇಳೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯ ವರೆಗೆ ಬಡ್ಡಿ ಹತ್ತುತ್ತದೆ. ಆ ಲೆಕ್ಕದಿಂದ ಮುಟ್ಟದೆ ಬಿಟ್ಟ 10,000 ರೂಪಾಯಿಯು ಒಂದು ವರ್ಷದಲ್ಲಿ 15,000ವನ್ನು ಮೀರುತ್ತದೆ. ಅಂಥದನ್ನು ಮೊದಲು ಕಿತ್ತುಹಾಕಬೇಕು.

ಆದರೂ ಒಂದು ಎಚ್ಚರಿಕೆ. ಲೆಕ್ಕವು ಎಲ್ಲವನ್ನೂ ಹೇಳಲಾರದು. ಬಡ್ಡಿ ಕೇಳದ ಚಿಕ್ಕಮ್ಮನ ಸಾಲವು ಲೆಕ್ಕದ ಹಾಳೆಯಲ್ಲಿ ಕಡೆಯ ಸಾಲಿಗೆ ಹೋಗುತ್ತದೆ. ಆಕೆಯೋ ಕೂಲಿಯಿಂದ ಜೀವಿಸುವ ವಿಧವೆ; ನೀನು ಓದಲಿ ಎಂದು ಕೋಳಿಗಳನ್ನು ಮಾರಿ ಕೊಟ್ಟಳು; ಕೇಳುವದಕ್ಕೆ ಅವಳಿಗೆ ಬಾಯಿ ಬಾರದು. ಬಡವನಿಗೆ ಸಲ್ಲತಕ್ಕದ್ದನ್ನು ಹೊತ್ತು ಮುಳುಗುವದಕ್ಕೆ ಮುಂಚೆ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ವಿಧಿಸುತ್ತದೆ, ಯಾಕಂದರೆ ಅವನ ಮನಸ್ಸು ಅದರ ಮೇಲೆಯೇ ಇರುತ್ತದೆ. ಆದಕಾರಣ ಗಟ್ಟಿಯಾಗಿ ಕೇಳುವವರಿಗೆ ಮಾತ್ರ ಕೊಟ್ಟು, ಸುಮ್ಮನಿರುವವರನ್ನು ಮರೆಯುವದು ಕ್ರೈಸ್ತನ ರೀತಿಯಲ್ಲ.

3. ಕೈ ಚಾಚಿ ತೆಗೆದುಕೊಳ್ಳುವದು

ಎಲೀಷನು ಒಂದು ಕಟ್ಟಿಗೆಯನ್ನು ಕಡಿದು ಆ ಸ್ಥಳದಲ್ಲಿ ಹಾಕಿದಾಗ ಕಬ್ಬಿಣವು ತೇಲಿತು. ಆದರೆ ಅದು ತಾನಾಗಿ ಹಾರಿ ಕಾವಿನೊಳಗೆ ಸೇರಲಿಲ್ಲ. ಅದನ್ನು ತೆಗೆದುಕೊಳ್ಳೆಂದು ಪ್ರವಾದಿಯು ಅಪ್ಪಣೆಮಾಡಿದನು. ಶಿಷ್ಯನು ಕೈ ಚಾಚಿ ತೆಗೆದುಕೊಂಡನು. ಮನುಷ್ಯನಿಂದ ಆಗದ್ದನ್ನು ದೇವರು ಮಾಡಿದನು. ಮನುಷ್ಯನಿಂದ ಆಗುವಂಥದನ್ನು ಮನುಷ್ಯನಿಗೇ ಬಿಟ್ಟನು.

ಇದೇ ಗ್ರಂಥದ 4ನೆಯ ಅಧ್ಯಾಯದಲ್ಲಿ ಇನ್ನೊಂದು ಸಾಲದ ಮನೆಯನ್ನು ನೋಡುತ್ತೇವೆ. ಆ ಮನೆಯ ಯಜಮಾನನೂ ಪ್ರವಾದಿಮಂಡಲಿಗೆ ಸೇರಿದವನು. ಸಾಲವನ್ನು ಬಿಟ್ಟು ಸತ್ತನು. ಸಾಲಕೊಟ್ಟವನು ಅವನ ಇಬ್ಬರು ಮಕ್ಕಳನ್ನು ದಾಸತ್ವಕ್ಕೆ ಒಯ್ಯುವದಕ್ಕೆ ಬಂದನು. ದೇವರು ಆಕೆಯ ಎಣ್ಣೆಯನ್ನು ಹೆಚ್ಚಿಸಿದನು. ಆಗ ಪ್ರವಾದಿಯು ಹೇಳಿದ ಕ್ರಮವನ್ನು ಗಮನಿಸಿರಿ: ಎಣ್ಣೆಯನ್ನು ಮಾರಬೇಕು, ಸಾಲವನ್ನು ತೀರಿಸಬೇಕು, ಉಳಿದದ್ದರಿಂದ ತಾಯಿಮಕ್ಕಳು ಜೀವಿಸಬೇಕು. ನಾವಾದರೋ ಈ ಕ್ರಮವನ್ನು ತಿರುಗಿಸುತ್ತೇವೆ. ಸಂಬಳ ಬಂದ ಕೂಡಲೇ ಮೊದಲು ಜೀವಿಸುತ್ತೇವೆ, ಉಳಿದರೆ ಸಾಲಕ್ಕೆ ಕೊಡುತ್ತೇವೆ, ಉಳಿಯುವದೇ ಇಲ್ಲ. ಯೌವನಸ್ಥರೇ, ಸಂಬಳ ಬಂದ ದಿವಸವೇ ಕಂತನ್ನು ಬೇರೆ ಇಡಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದರು. ಸಾಲ ತೀರುವ ವರೆಗೆ ನಿಮ್ಮ ಹಾಸಿಗೆಯ ಉದ್ದವು ಸಂಬಳದಷ್ಟಲ್ಲ, ಕಂತು ಕಳೆದು ಉಳಿದಷ್ಟು. ಸ್ನೇಹಿತನ ಹೊಸ ಮೋಟರ್ ಸೈಕಲನ್ನು ನೋಡಿ ನಿಟ್ಟುಸಿರುಬಿಡಬೇಡಿರಿ. ಅದೂ ಎರವಿನ ಕೊಡಲಿಯೋ ಏನೋ, ಯಾರಿಗೆ ಗೊತ್ತು?

ಕಾಣಿಕೆಯ ವಿಷಯದಲ್ಲಿ ಕೆಲವರ ಮನಸ್ಸಾಕ್ಷಿಗೆ ಕಳವಳವುಂಟು: ಸಾಲವಿರುವಾಗ ದಶಮಾಂಶವನ್ನು ಕೊಡಬೇಕೋ, ಬೇಡವೋ? ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಪೌಲನು, ಮನಸ್ಸಿದ್ದರೆ ಇದ್ದದ್ದರ ಪ್ರಕಾರ ಕೊಟ್ಟದ್ದು ದೇವರಿಗೆ ಮೆಚ್ಚಿಕೆಯಾಗುವದೆಂದು ತಿಳಿಸುತ್ತಾನೆ. ನಿನ್ನ ಊಟದಿಂದ, ನಿನ್ನ ಬಟ್ಟೆಯಿಂದ ಉಳಿಸಿ ಸ್ವಲ್ಪವಾದರೂ ಕೊಡು. ಅದು ವಿಧವೆಯ ಕಾಸಿನಂತಿರುವದು. ಆದರೆ ಸಾಲಕೊಟ್ಟವನಿಗೆ ಸೇರಿದ ಹಣವನ್ನು ಕಾಣಿಕೆಯ ಚೀಲದಲ್ಲಿ ಹಾಕಬೇಡ. ಪರರ ಕೊಡಲಿಯಿಂದ ದಾನಮಾಡುವದು ದಾನವಲ್ಲ. ಕಂತಿನ ಹಣವನ್ನು ತಮ್ಮ ಸೇವೆಗೆ ಬಿತ್ತಿದರೆ ದೇವರು ಸಾಲವನ್ನೆಲ್ಲಾ ಅಳಿಸಿಬಿಡುವನೆಂದು ಸಾರಿಕೊಂಡು ಬರುವ ಬೋಧಕರಿಗೆ ಕಿವಿಗೊಡಬೇಡಿರಿ. ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ಕೊರ್ಬಾನೆಂದು ಹೇಳಿ ತಪ್ಪಿಸಿಕೊಂಡವರನ್ನು ನಮ್ಮ ಕರ್ತನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಕಠಿಣವಾಗಿ ಗದರಿಸಿದ್ದಾನೆ.

ತೀರಿಸಲಾರದೆ ಬಳಲುವವರಿಗೆ

ಕೈ ಚಾಚುವದಕ್ಕೆ ಮನಸ್ಸಿದ್ದರೂ ಶಕ್ತಿಯಿಲ್ಲದವರು ನಮ್ಮಲ್ಲಿದ್ದಾರೆ. ಪದವಿಯಿದೆ, ಕೆಲಸವಿಲ್ಲ, ಕೆಲಸವಿದೆ, ಸಂಬಳವು ಬಾಡಿಗೆಗೇ ಸಾಲದು. ಅವರಿಗೆ ಹೇಳುವದೇನಂದರೆ, ಸಾಲಕೊಟ್ಟವನಿಂದ ಓಡಿಹೋಗಬೇಡಿರಿ, ಅವನ ಬಳಿಗೇ ಹೋಗಿರಿ. ಕಂತು ತಪ್ಪುವದಕ್ಕೆ ಮುಂಚೆ ಬ್ಯಾಂಕಿಗೆ ಬರಹದ ಮೂಲಕ ತಿಳಿಸಿ, ಅವಧಿಯನ್ನು ಉದ್ದಮಾಡಿ ಕಂತನ್ನು ಇಳಿಸಬೇಕೆಂದು ಬೇಡಿಕೊಳ್ಳಿರಿ. ವರ್ಷದ ವರಮಾನವು 4.5 ಲಕ್ಷ ರೂಪಾಯಿಯೊಳಗಿರುವ ಕುಟುಂಬಗಳ ಮಕ್ಕಳಿಗೆ ಓದಿನ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರವೇ ಹೊರುವ ಏರ್ಪಾಡು 2009ರಲ್ಲಿ ಆರಂಭವಾಯಿತು. ನಿಮ್ಮ ಓದು ಅದಕ್ಕೆ ಸೇರುತ್ತದೋ ಎಂದು ಸಾಲ ತೆಗೆಯುವಾಗಲೇ ವಿಚಾರಿಸಿಕೊಳ್ಳತಕ್ಕದ್ದು. ಒಂದು ಸಾಲವನ್ನು ತೀರಿಸುವದಕ್ಕೆ ಮೊಬೈಲಿನಲ್ಲಿ ಗಳಿಗೆಯೊಳಗೆ ಸಿಕ್ಕುವ ಇನ್ನೊಂದು ಸಾಲವನ್ನು ಮಾಡಬೇಡಿರಿ. ಅದು ಬಾವಿಯಿಂದ ಹತ್ತುವದಕ್ಕೆ ಇನ್ನೊಂದು ಬಾವಿಯನ್ನು ತೋಡಿದ ಹಾಗೆ.

ಸಾಲಕೊಟ್ಟವನಿಗೂ ಧರ್ಮಶಾಸ್ತ್ರವು ಮೇರೆಯನ್ನಿಟ್ಟಿದೆ. ಅವನು ಅಡವನ್ನು ತೆಗೆದುಕೊಳ್ಳುವದಕ್ಕೆ ಸಾಲಗಾರನ ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕು. ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದು. ನಮ್ಮ ದೇಶದ ನಿಯಮವೂ ಈ ದಾರಿಯನ್ನೇ ಹಿಡಿದಿದೆ. ಬ್ಯಾಂಕುಗಳ ವಸೂಲಿದಾರರು ಬೆಳಿಗ್ಗೆ 8 ಗಂಟೆಗೆ ಮುಂಚೆಯೂ ಸಾಯಂಕಾಲ 7 ಗಂಟೆಯ ಮೇಲೆಯೂ ಸಾಲಗಾರನಿಗೆ ಕರೆಮಾಡಬಾರದು, ಅವಮಾನಪಡಿಸಬಾರದು, ಬೆದರಿಸಬಾರದು ಎಂದು ರಿಜರ್ವ್ ಬ್ಯಾಂಕು 2022ರಲ್ಲಿ ಕಟ್ಟಪ್ಪಣೆಮಾಡಿತು. ಸಣ್ಣ ಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯುವದಕ್ಕೆ ಕರ್ನಾಟಕ ಸರಕಾರವು 2025ರಲ್ಲಿ ಕಾನೂನು ಮಾಡಿತು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹತ್ತಿಪ್ಪತ್ತು ರೂಪಾಯಿ ಸಾಲಕ್ಕೆ ತಲೆಮಾರುಗಳ ವರೆಗೆ ಜೀತವಿದ್ದರು; ಆ ಜೀತವನ್ನು 1976ರ ಕಾನೂನು ರದ್ದುಮಾಡಿತು. ಸಾಲವು ಹಣದ್ದು, ಮನುಷ್ಯನು ದೇವರವನು. ಸಾಲಕ್ಕೋಸ್ಕರ ಮನುಷ್ಯನನ್ನು ಹಿಡಿಯುವ ಹಕ್ಕು ಯಾರಿಗೂ ಇಲ್ಲ.

ಇನ್ನು ಮೆಲ್ಲನೆ ಒಂದು ಮಾತು. ಸಾಲದ ನಾಚಿಕೆಯನ್ನು ತಾಳಲಾರದೆ ಪ್ರಾಣವನ್ನೇ ಕಳಕೊಳ್ಳುವ ಯೋಚನೆಯು ಯಾರ ಮನಸ್ಸಿಗಾದರೂ ಬಂದಿದ್ದರೆ, ಅಂಥವರು ಕೇಳಿಸಿಕೊಳ್ಳಲಿ. ನಿನ್ನ ಸಾಲವು ಎಷ್ಟು ಲಕ್ಷವಾದರೂ ಅದಕ್ಕೊಂದು ಲೆಕ್ಕವುಂಟು. ನಿನ್ನ ಜೀವಕ್ಕೆ ಲೆಕ್ಕವಿಲ್ಲ. ನೀನು ಸತ್ತರೆ ನಿನ್ನ ತಾಯಿಯ ಸಾಲವು ತೀರುವದಿಲ್ಲ, ಯಾರೂ ತೀರಿಸಲಾರದ ಇನ್ನೊಂದು ದುಃಖವು ಆಕೆಯ ಮೇಲೆ ಬೀಳುವದು. ಈ ರಾತ್ರಿಯೇ ಎದ್ದು ಹೋಗಿ ಯಾರಿಗಾದರೂ ಹೇಳು: ಅಪ್ಪನಿಗೆ, ಅಕ್ಕನಿಗೆ, ಅಯ್ಯನವರಿಗೆ. ಬಿದ್ದ ಸ್ಥಳವನ್ನು ತೋರಿಸಿದವನ ಕೊಡಲಿಯೇ ಮೇಲಕ್ಕೆ ಬಂತೆಂಬದನ್ನು ಮರೆಯಬೇಡ.

ತಂದೆತಾಯಿಗಳಿಗೂ ಸಭೆಗೂ

ತಂದೆತಾಯಿಗಳೇ, ಮಗನ ಮೊದಲನೆಯ ಸಂಬಳ ಬಂದ ವರ್ಷದಲ್ಲಿಯೇ ದೊಡ್ಡ ಚಪ್ಪರ ಹಾಕಿ ಮದುವೆ ಮಾಡಬೇಕೆಂದು ಅವನ ಮೇಲೆ ಹೊಸ ಸಾಲವನ್ನು ಹೊರಿಸಬೇಡಿರಿ. ಕಾನಾ ಊರಿನ ಮದುವೆಗೆ ಕರ್ತನು ಬಂದದ್ದು ಊಟದ ಅದ್ದೂರಿಯನ್ನು ನೋಡಿಯಲ್ಲ. ಮಗಳು ದೂರದ ಪಟ್ಟಣದಲ್ಲಿ ರಾತ್ರಿಯ ಪಾಳಿಯಲ್ಲಿ ಕೆಲಸಮಾಡಿ ಕಳುಹಿಸುವ ಹಣವು ಮೊದಲು ಅವಳ ಸಾಲಕ್ಕೆ ಹೋಗಲಿ, ಅಟ್ಟದ ಮೇಲೆ ಹೊಸ ಹೆಂಚು ಆಮೇಲೆ ಆಗಲಿ.

ಸಭೆಯವರೇ, ಆ ಶಿಷ್ಯನು ಹೊಳೆಗೆ ಒಂಟಿಯಾಗಿ ಹೋಗಲಿಲ್ಲ. ಜೊತೆಯವರಿದ್ದರು, ಗುರುವು ಸಂಗಡ ಬಂದಿದ್ದನು. ವಿಧವೆಯ ಎಣ್ಣೆ ತುಂಬಿದ್ದೂ ನೆರೆಯವರು ಕೊಟ್ಟ ಪಾತ್ರೆಗಳಲ್ಲಿಯೇ. ನಾವು ಯಾವ ಪಾತ್ರೆಯನ್ನು ಕೊಡುತ್ತೇವೆ? ನಮ್ಮಲ್ಲಿ ಕೆಲವರು ಅದೇ ಆಲಯದಲ್ಲಿ ಕೂತುಕೊಳ್ಳುವ ಸಹೋದರನಿಗೆ ತಿಂಗಳಿಗೆ ನೂರಕ್ಕೆ ಐದು, ಹತ್ತು ರೂಪಾಯಿ ಬಡ್ಡಿಯ ಮೇಲೆ ಸಾಲ ಕೊಡುತ್ತಾರೆ. ಯೆರೂಸಲೇಮಿನಲ್ಲಿ ಸಹೋದರರು ಸಹೋದರರ ಹೊಲಗಳನ್ನೂ ಮಕ್ಕಳನ್ನೂ ಅಡವು ಹಿಡಿದಾಗ ನೆಹೆಮೀಯನು ಬಹು ಕೋಪಗೊಂಡು, ಜನರನ್ನು ಕೂಡಿಸಿ, ಬಡ್ಡಿಯನ್ನೂ ಹೊಲಗಳನ್ನೂ ಅದೇ ದಿವಸ ಹಿಂದಕ್ಕೆ ಕೊಡಿಸಿದನು. ಅವನ ಗ್ರಂಥದ 5ನೆಯ ಅಧ್ಯಾಯವನ್ನು ಅಂಥವರು ಮನೆಯಲ್ಲಿ ಮೊಣಕಾಲೂರಿ ಓದಲಿ.

ಬಡವರು ಕೂಡಿದರೆ ಏನಾಗುವದೆಂಬದಕ್ಕೆ ದೃಷ್ಟಾಂತವುಂಟು. ಜರ್ಮನಿ ದೇಶದ ವೈಯರ್‌ಬುಶ್ ಎಂಬ ಹಳ್ಳಿಯ ಸೀಮೆಯಲ್ಲಿ ರೈಫೈಸನ್ ಎಂಬ ದೈವಭಕ್ತನಾದ ಪ್ರೊಟೆಸ್ಟಂಟ್ ಅಧಿಕಾರಿಯು 1846-47ರ ಬರದಲ್ಲಿ ಬಡವರಿಗೆ ರೊಟ್ಟಿಯನ್ನು ಸಾಲವಾಗಿ ಕೊಡುವ ಒಂದು ಸಂಘವನ್ನು ಕಟ್ಟಿದನು. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಹಳ್ಳಿಯವರೇ ಒಬ್ಬರಿಗೊಬ್ಬರು ಹೊಣೆಯಾಗಿ ಸಾಲಕೊಡುವ ಸಂಘವನ್ನು ಸ್ಥಾಪಿಸಿದನು. ಕಣ್ಣಿನ ರೋಗದಿಂದ ದೃಷ್ಟಿಯು ಬಹಳ ಮಂದವಾದರೂ ಆ ಕೆಲಸವನ್ನು ಬಿಡಲಿಲ್ಲ. ಆ ಮಾದರಿಯನ್ನು ಪರಿಶೋಧಿಸಿ ಹಿಂದೂದೇಶದಲ್ಲಿ 1904ರಲ್ಲಿ ಸಹಕಾರಿ ಸಾಲಸಂಘಗಳ ಕಾನೂನಾಯಿತು. 1905ರಲ್ಲಿ ನಮ್ಮ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಸಾಲಸಂಘವು ಹುಟ್ಟಿತು. ಹೀಗೆ ಒಬ್ಬರಿಗೊಬ್ಬರು ಹೊಣೆಯಾಗುವ ಮನಸ್ಸು ಕನ್ನಡನಾಡಿನ ಹಳ್ಳಿಗೆ ಹೊಸದಲ್ಲ. ಪ್ರತಿ ಸಭೆಯು ಸುಗ್ಗಿಹಬ್ಬದ ಕಾಣಿಕೆಯಲ್ಲಿ ಒಂದು ಪಾಲನ್ನು ಓದುವ ಮಕ್ಕಳಿಗೋಸ್ಕರ ಬೇರೆ ಇಟ್ಟು, ಓದಿ ಕೆಲಸಕ್ಕೆ ಸೇರಿದವರು ಅದನ್ನು ತಿರುಗಿ ತುಂಬುತ್ತಾ ಬಂದರೆ, ಮುಂದಿನ ಮಗುವಿಗೆ ಎರವಿನ ಕೊಡಲಿಯು ಸ್ವಂತ ಮನೆಯಲ್ಲಿಯೇ ಸಿಕ್ಕೀತು.

ನಮ್ಮೆಲ್ಲರ ಸಾಲ

ಕಡೆಗೆ, ಪ್ರಿಯರೇ, ತೀರಿಸಲಾಗುವ ಸಾಲವೊಂದು, ತೀರಿಸಲಾಗದ ಸಾಲವೊಂದು. ಬ್ಯಾಂಕಿನ ಸಾಲವು 97 ತಿಂಗಳಲ್ಲಿಯೋ 120 ತಿಂಗಳಲ್ಲಿಯೋ ತೀರೀತು. ದೇವರಿಗೆ ನಾವು ಹೊಂದಿರುವ ಪಾಪದ ಸಾಲವೋ, ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಸೇವಕನ ಹತ್ತು ಸಾವಿರ ತಲಾಂತಿನಂತೆ, ಜೀವಮಾನವೆಲ್ಲಾ ದುಡಿದರೂ ತೀರದು. ಪೌಲನು ಒನೇಸಿಮನ ಸಾಲವನ್ನು ತನ್ನ ಲೆಕ್ಕಕ್ಕೆ ಹಾಕಬೇಕೆಂದು ಫಿಲೆಮೋನನಿಗೆ ಸ್ವಂತ ಕೈಯಿಂದ ಬರೆದುಕೊಟ್ಟನಲ್ಲಾ? ಅದೇ ಪ್ರಕಾರ ನಮ್ಮ ಕರ್ತನಾದ ಯೇಸು ಕ್ರಿಸ್ತನು ನಮ್ಮ ಸಾಲವನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡನು. ಮೊಳೆಹೊಡೆದ ಕೈಗಳಿಂದ ರುಜುಮಾಡಿದನು. ಮರವು ಹೊಳೆಯಲ್ಲಿ ಬಿದ್ದಾಗ ಮುಳುಗಿದ ಕಬ್ಬಿಣವು ತೇಲಿತು. ಕಲ್ವಾರಿಯ ಮರವು ನಮ್ಮ ಮರಣದ ಆಳಕ್ಕೆ ಇಳಿದಾಗ ಮುಳುಗಿದ ನಾವು ಮೇಲಕ್ಕೆ ಬಂದೆವು.

ಹಾಗಾದರೆ ದೊಡ್ಡ ಸಾಲದಿಂದ ಬಿಡುಗಡೆಯಾದವನು ಚಿಕ್ಕ ಸಾಲವನ್ನು ಅಲಕ್ಷ್ಯ ಮಾಡುವನೋ? ಜಕ್ಕಾಯನು ಹಾಗೆ ಮಾಡಲಿಲ್ಲ. ರಕ್ಷಣೆಯು ಮನೆಗೆ ಬಂದ ದಿವಸವೇ ಅನ್ಯಾಯವಾಗಿ ತೆಗೆದದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದು ಎದ್ದು ನಿಂತನು. ಕೃಪೆಯನ್ನು ಹೊಂದಿದವನು ಕಂತನ್ನು ಭಯದಿಂದಲ್ಲ, ಕೃತಜ್ಞತೆಯಿಂದ ಕಟ್ಟುತ್ತಾನೆ. ತಿಂಗಳು ತಿಂಗಳಿಗೂ ಬ್ಯಾಂಕಿಗೆ ಹೋಗುವ ಆ ಹಣವೂ ಒಂದು ಆರಾಧನೆಯೇ. ಯಾಕಂದರೆ ಕ್ರೈಸ್ತನ ಮಾತು ಮಾತೇ ಎಂದು ಅದು ಊರಿಗೆ ಸಾಕ್ಷಿ ಹೇಳುತ್ತದೆ. ಕೊಡಲಿಯು ಯಜಮಾನನ ಮನೆಗೆ ಹಿಂದಕ್ಕೆ ಹೋಗಲಿ; ಅದರಿಂದ ಕಡಿದ ತೊಲೆಯಾದರೋ ಕರ್ತನ ಮನೆಯಲ್ಲಿ ನಿಲ್ಲಲಿ.

ಪ್ರಾರ್ಥನೆ: ಪರಲೋಕದಲ್ಲಿರುವ ತಂದೆಯೇ, ಓದಿ ಬಂದ ನಮ್ಮ ಮಕ್ಕಳ ಮೇಲೆ ಬಿದ್ದಿರುವ ಭಾರವನ್ನು ನೀನು ಬಲ್ಲೆ. ಸತ್ಯವನ್ನು ಹೇಳುವ ಧೈರ್ಯವನ್ನೂ, ದುಡಿಯುವ ಶಕ್ತಿಯನ್ನೂ, ಸಾಕೆಂಬ ಮನಸ್ಸನ್ನೂ ಅವರಿಗೆ ಅನುಗ್ರಹಿಸು. ಕೆಲಸವಿಲ್ಲದವರಿಗೆ ಕೆಲಸವನ್ನು ಒದಗಿಸು. ಕುಗ್ಗಿದವರನ್ನು ಈ ರಾತ್ರಿ ನಿನ್ನ ಕೈಯಲ್ಲಿ ಹಿಡುಕೋ. ಸಾಲಕೊಟ್ಟವರ ಹೃದಯದಲ್ಲಿ ದಯೆಯನ್ನೂ, ಸಭೆಯವರಲ್ಲಿ ಒಬ್ಬರ ಭಾರವನ್ನೊಬ್ಬರು ಹೊರುವ ಪ್ರೀತಿಯನ್ನೂ ಹುಟ್ಟಿಸು. ನಮ್ಮ ತೀರದ ಸಾಲವನ್ನು ತೀರಿಸಿದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.